ಮನೆ ತಾಳುವಷ್ಟು ಬೆಳಕು

ರಾಯದುರ್ಗದ ದೊಡ್ಡಮ್ಮನ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ನೂಲಿನ ಕೋಣೆ. ಅವ್ವ ತೀರಿಕೊಂಡ ಮೇಲೆ ಅಗಳಿ ಕಡೆಯ ನಮ್ಮೂರಿನಿಂದ ನನ್ನನ್ನು ಅಲ್ಲಿಗೆ ಕರೆತಂದಾಗ ನನಗೆ ಎಂಟೋ ಒಂಬತ್ತೋ ವಯಸ್ಸು. ದೊಡ್ಡಮ್ಮ ಅವ್ವನ ಒಡಹುಟ್ಟಿದ ಅಕ್ಕ. ದೊಡ್ಡಪ್ಪ ನೇಕಾರರಿಗೆ ನೂಲು ಮಾರುವ ವ್ಯಾಪಾರಿ. ಮನೆ ಕೋಟೆ ಬೆಟ್ಟದ ಬುಡದಲ್ಲಿತ್ತು. ಬೀದಿಯ ಕಡೆಗೆ ಅಗಲ ಕಡಿಮೆ, ಹಿಂದಕ್ಕೆ ಬಹಳ ಉದ್ದ. ಮುಂದೆ ಪಡಸಾಲೆ, ಅದರ ಹಿಂದೆ ಕಿಟಕಿಯಿಲ್ಲದ ನಡುಮನೆ, ನಡುಮನೆಯ ಮಗ್ಗುಲಿಗೆ ನೂಲಿನ ಕೋಣೆ, ಕೊನೆಗೆ ಅಡುಗೆಮನೆ, ಹಿತ್ತಲು. ನೂಲಿನ ಕೋಣೆಯಲ್ಲಿ ಗೋಣಿ ಹೊಲಿದ ಮೂಟೆಗಳು ತೊಲೆಯವರೆಗೂ ಪೇರಿಸಿರುತ್ತಿದ್ದವು. ಗೋಡೆಗೂ ಮೂಟೆಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ಅಲ್ಲಿ ಗಂಜಿಯ ವಾಸನೆ, ಹತ್ತಿಯ ದೂಳು. ಚಳಿಗಾಲದಲ್ಲಿ ಮೂಟೆಗೆ ಬೆನ್ನು ಕೊಟ್ಟು ಮಲಗಿದರೆ ಬೆಚ್ಚಗಿರುತ್ತಿತ್ತು. ನನ್ನನ್ನು ಅಲ್ಲಿ ಮಲಗಿಸಿದ್ದು ಕೆಟ್ಟ ಮನಸ್ಸಿನಿಂದಲ್ಲ, ಬೇರೆ ಜಾಗ ಇರಲಿಲ್ಲ. ಆದರೆ ಊರಿನಲ್ಲಿ ಅವ್ವನ ಸೆರಗು ಹಿಡಿದು ಮಲಗಿದ್ದವಳಿಗೆ ಆ ಕೋಣೆಯ ಬಾಗಿಲು ಮುಂದೆ ಮಾಡಿದೊಡನೆ, ಈ ಮನೆಯಲ್ಲಿ ಸಾಮಾನು ಇಡುವ ಕಡೆ ನನ್ನನ್ನೂ ಇಟ್ಟಿದ್ದಾರೆ ಅನಿಸುತ್ತಿತ್ತು.

ನಾನು ಮಾತು ಕಡಿಮೆ ಮಾಡಿದ್ದು ಅಲ್ಲಿಯೇ. ನಮ್ಮ ಮಡಕಶಿರಾ ಸೀಮೆಯವರು ಸಿರಾ ಕಡೆಯವರ ಹಾಗೆ ಮಾತಾಡುತ್ತೇವೆ. ರಾಯದುರ್ಗದ್ದು ಬಳ್ಳಾರಿಯ ಮಾತು. ನಾನು ‘ಐತೆ’ ಅಂದರೆ ಅವರು ‘ಐತಿ’ ಅನ್ನುತ್ತಿದ್ದರು. ‘ಓಗ್ತೀನಿ’ ಅಂದರೆ ಓಣಿಯ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡಮ್ಮ ಹುಟ್ಟಿದ್ದು ನಮ್ಮ ಕಡೆಯೇ ಆದರೂ ಮದುವೆಯಾಗಿ ಬಂದ ಮೇಲೆ ಆ ಮಾತನ್ನು ಪೂರಾ ಬಿಟ್ಟುಬಿಟ್ಟಿದ್ದಳು. ಒಮ್ಮೆ ನಾನು ಮುದ್ದೆ ಬೇಕೆಂದು ಕೇಳಿದಾಗ ಪಕ್ಕದ ಮನೆಯಾಕೆಯ ಮುಂದೆ ನಕ್ಕು, “ಇವರ ಕಡೆ ಅದನ್ನ ಉಣ್ಣೋದ್ರಿ” ಅಂದಳು. ಇವರ ಕಡೆ ಅಂದಳು, ನಮ್ಮ ಕಡೆ ಅನ್ನಲಿಲ್ಲ. ಆ ದಿನ ನಾನು ತಟ್ಟೆಯಲ್ಲಿದ್ದ ಜೋಳದ ರೊಟ್ಟಿಯನ್ನು ಬಹಳ ಹೊತ್ತು ಅಗಿದೆ. ಅಪ್ಪ ರಾಗಿ ಒಕ್ಕಣೆ ಮುಗಿಸಿಕೊಂಡು ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಕಳಿಸಿದ್ದ. ಒಕ್ಕಣೆ ಮುಗಿಯುವ ಕಾಲ ಕಳೆದ ಮೇಲೆ ರೊಳ್ಳದ ಕಡೆಯ ನೆಂಟರೊಬ್ಬರು ನೂಲು ಕೊಳ್ಳಲು ಬಂದವರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಅಪ್ಪ ಇನ್ನೊಂದು ಮದುವೆ ಮಾಡಿಕೊಂಡ ಸುದ್ದಿ ಹೇಳಿದರು. ನಾನು ಬಾಗಿಲ ಹಿಂದೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಅವರು ಆ ಮಾತು ಮುಗಿಸಿ ನೂಲಿನ ಧಾರಣೆಯ ಮಾತಿಗೆ ಹೋದರು.

ಮನೆಯಲ್ಲಿ ನನ್ನೊಂದಿಗೆ ಕೂತು ಮಾತಾಡುತ್ತಿದ್ದವನೆಂದರೆ ದೊಡ್ಡಪ್ಪ ಒಬ್ಬನೇ, ಅದೂ ಕರೆಂಟಿನ ದೆಸೆಯಿಂದ. ಊರಿಗೆ ಕರೆಂಟು ಬಂದು ಬಹಳ ದಿನವಾಗಿರಲಿಲ್ಲ. ಊರ ಹೊರಗಿನ ಎಂಜಿನ್ ಮನೆಯಿಂದ ದೀಪ ಹಚ್ಚುವ ಹೊತ್ತಿಗೆ ಬಿಡುತ್ತಿದ್ದರು, ಊರು ಮಲಗುವ ಹೊತ್ತಿಗೆ ನಿಲ್ಲಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಮೊದಲು ಹಾಕಿಸಿದವನು ದೊಡ್ಡಪ್ಪ. ಗೋಡೆಯುದ್ದಕ್ಕೂ ಮರದ ಪಟ್ಟಿ ಹೊಡೆದು, ಅದರೊಳಗೆ ರಬ್ಬರು ಸುತ್ತಿದ ತಂತಿ ಎಳೆದಿದ್ದರು. ನಡುಮನೆಯ ಗೋಡೆಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮೀಟರು, ಕಬ್ಬಿಣದ ಹಿಡಿಯ ಮೇನ್ ಸ್ವಿಚ್ಚು, ಅದರ ಪಕ್ಕಕ್ಕೆ ಬಿಳಿ ಪಿಂಗಾಣಿಯ ಫ್ಯೂಸು. ತಂತಿ ಎಳೆದವನು ಹೊರಡುವಾಗ ಹೇಳಿದ್ದನ್ನೆಲ್ಲ ದೊಡ್ಡಪ್ಪ ಮಂತ್ರದಂತೆ ಕಲಿತಿದ್ದ. ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ನನಗೆ ಹೇಳುತ್ತಿದ್ದ. ಒಂದು ಸಂಜೆ ಮೇನ್ ಸ್ವಿಚ್ಚು ಕೆಳಗೆಳೆದು, ಫ್ಯೂಸನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದ. ಅದರ ನಡುವೆ ಕೂದಲೆಳೆಯಂಥ ಒಂದು ತಂತಿ.

“ನೋಡವ್ವ ರಂಗವ್ವ, ಈ ಮನಿ ತಂತಿ ಐದು ಆಂಪೇರು ತಡ್ಕೊಂತೈತಿ, ಅಷ್ಟ. ಅದಕ್ಕಿಂತ ಹೆಚ್ಚು ಎಳದ್ರ ಬಿಸಿ ಆಗ್ತೈತಿ. ಬಿಸಿ ಆದ್ರ ರಬ್ಬರು ಕರಗ್ತೈತಿ. ಆಮ್ಯಾಲೆ ಬೆಂಕಿ.”

“ಈ ಸಣ್ಣ ತಂತಿ ಯಾಕೆ ದೊಡ್ಡಪ್ಪ?”

“ಗ್ವಾಡ್ಯಾಗಿನ ತಂತಿ ಸುಡೋಕಿಂತ ಮೊದ್ಲು ಇದು ಸುಟ್ಟು ಹೋಗ್ಬೇಕು. ಇದು ಹೋದ್ರ ಕತ್ತಲಾಗ್ತೈತಿ, ಮನಿ ಉಳೀತೈತಿ. ಇದನ್ನ ದಪ್ಪಂದು ಹಾಕಿದ್ರ, ಸುಡಾಕ ಮನೀನ ಉಳಿಯೋದು.”

“ಎಷ್ಟು ಎಳೀತು ಅಂತ ಎಂಗೆ ಗೊತ್ತಾಗ್ತದೆ?”

“ಎಲ್ಲಾದರ ಮ್ಯಾಲೂ ವಾಟು ಬರದಿರ್ತಾರ. ಯಾವ್ಯಾವು ಉರಿಯಾಕತ್ಯಾವ ಅವನ್ನೆಲ್ಲ ಕೂಡಸ್ಬೇಕು. ನಮ್ಮನಿಗೆ ಒಟ್ಟು ಸಾವಿರ ದಾಟಬಾರದು.”

ನಾನು ಕೂಡುವ ಲೆಕ್ಕ ಕಲಿತದ್ದು ಹೀಗೆ. ಪಡಸಾಲೆಯದು ಅರವತ್ತು, ನಡುಮನೆಯದು ನಲವತ್ತು, ನೂಲಿನ ಕೋಣೆಯದು ನಲವತ್ತು. ಬಲ್ಬಿನ ತಲೆಯ ಮೇಲೆ ಅಚ್ಚಾದ ಅಂಕಿಗಳನ್ನು ಓದಲು ದೊಡ್ಡಪ್ಪ ನನ್ನನ್ನು ಎತ್ತಿಕೊಳ್ಳುತ್ತಿದ್ದ. ಆಮೇಲೆ ಅವನು ಬಳ್ಳಾರಿಯಿಂದ ಕರೆಂಟಿನ ಇಸ್ತ್ರಿಪೆಟ್ಟಿಗೆ ತಂದ. ಅದರ ಬೆನ್ನಿಗೆ ನಾನೂರ ಐವತ್ತು ಎಂದಿತ್ತು. ಎಲ್ಲ ಬಲ್ಬು ಉರಿದರೂ ಲೆಕ್ಕ ಸಾವಿರದ ಹತ್ತಿರಕ್ಕೂ ಹೋಗುತ್ತಿರಲಿಲ್ಲ, ಆದರೂ ದೊಡ್ಡಪ್ಪನಿಗೆ ಭಯ. ಇಸ್ತ್ರಿ ಮಾಡುವಾಗ ತನ್ನ ತಲೆಯ ಮೇಲಿನ ಬಲ್ಬೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಆರಿಸುತ್ತಿದ್ದ. ಅಡುಗೆಮನೆಯಿಂದ ದೊಡ್ಡಮ್ಮನ ದನಿ ಬರುತ್ತಿತ್ತು:

“ಒಂದು ಅಂಗಿ ಇಸ್ತ್ರಿ ಆಗಾಕ ಮನಿಮಂದಿಯೆಲ್ಲ ಕತ್ತಲ್ದಾಗ ಕುಂದ್ರಬೇಕೇನ್ರಿ? ಇದಕ್ಕ ಕಂದೀಲಾ ಛಲೋ ಇತ್ತಲ್ಲ!”

ದೊಡ್ಡಪ್ಪ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದ. ಆ ಮನೆಯಲ್ಲಿ ನಾನು ನಕ್ಕ ನೆನಪಿರುವುದು ಅಂಥ ಸಂಜೆಗಳಲ್ಲಿ ಮಾತ್ರ. ಕರೆಂಟು ನಿಂತ ಮೇಲೆ ಮತ್ತೆ ಚಾಪೆ, ಮೂಟೆ, ಮುಂದೆ ಮಾಡಿದ ಬಾಗಿಲು.

ದೊಡ್ಡಮ್ಮನಿಗೆ ಇಬ್ಬರು ಮಕ್ಕಳು. ಬಳ್ಳಾರಿಯಲ್ಲಿ ಓದುತ್ತಿದ್ದ ಚಂದ್ರಣ್ಣ, ಅವನ ತಂಗಿ ಸರಸ್ವತಕ್ಕ. ಸರಸ್ವತಕ್ಕನಿಗೆ ಬಳ್ಳಾರಿಯ ಒಂದು ಮನೆಯಿಂದ ಸಂಬಂಧ ಕೂಡಿಬಂತು. ಮದುವೆ ಗೊತ್ತುಮಾಡುವ ವೀಳ್ಯದ ಶಾಸ್ತ್ರ ನಮ್ಮ ಮನೆಯಲ್ಲೇ ಎಂದಾಯಿತು. ಬಳ್ಳಾರಿಯವರಿಗೆ ಕರೆಂಟು ಹೊಸದಲ್ಲ; ರಾಯದುರ್ಗದವರನ್ನು ಅವರು ಹಳ್ಳಿಯವರೆಂದು ಎಣಿಸಿಯಾರೆಂಬ ಅಳುಕು ಎಲ್ಲರಿಗಿಂತ ಹೆಚ್ಚಾಗಿ ಚಂದ್ರಣ್ಣನಿಗಿತ್ತು. ಅವನು ಕೆಟ್ಟವನಲ್ಲ. ತಂಗಿಯನ್ನು ಕೊಡುವ ಮನೆಯವರ ಮುಂದೆ ತಲೆ ತಗ್ಗಿಸಬಾರದು ಎಂಬುದಷ್ಟೇ ಅವನ ಆಸೆ. ಪಡಸಾಲೆಗೆಂದು ನೂರು ವಾಟಿನ ಆರು ಬಲ್ಬುಗಳನ್ನು ತಂದು ತೊಲೆಯುದ್ದಕ್ಕೂ ಕಟ್ಟಿದ. ಗೆಳೆಯನೊಬ್ಬನ ಮನೆಯಿಂದ ಕರೆಂಟಿನ ಒಲೆಯನ್ನೂ ತಂದಿದ್ದ. ಬಿಳಿ ಮಣ್ಣಿನ ಬಿಲ್ಲೆಯ ಮೇಲೆ ಸುರುಳಿ ತಂತಿ ಕೂರಿಸಿದ ಒಲೆ, ಹೊಗೆಯಿಲ್ಲ, ಬೂದಿಯಿಲ್ಲ. ನೆಂಟರಿಗೆ ಕಾಣುವಂತೆ ನಡುಮನೆಯಲ್ಲಿಟ್ಟು ಅದರ ಮೇಲೆ ಕಾಫಿ ಕಾಯಿಸುವುದು ಅವನ ಲೆಕ್ಕ. ನಾನು ಒಲೆಯನ್ನು ಮಗುಚಿ ತಳ ನೋಡಿದೆ. ಸಾವಿರ ಎಂದಿತ್ತು. ದೊಡ್ಡಪ್ಪನಿಗೆ ಹೇಳಿದೆ.

ಶಾಸ್ತ್ರದ ದಿನ ಸಂಜೆ ದೊಡ್ಡಪ್ಪ ನೆಂಟರನ್ನು ಕರೆತರಲು ರೈಲು ಸ್ಟೇಷನ್ನಿಗೆ ಗಾಡಿ ಕಟ್ಟಿಸಿಕೊಂಡು ಹೊರಟ. ಹೊರಡುವ ಮುಂಚೆ ಮಗನನ್ನು ಕರೆದು ಹೇಳಿದ:

“ಕಾಫಿ ಕಾಸೋ ಮುಂದ ಪಡಸಾಲಿ ಬಲ್ಬು ಆರಸು. ಎರಡೂ ಕೂಡೆ ಬ್ಯಾಡ ನೋಡು, ಚಂದ್ರ.”

“ಆತಪ್ಪ, ನೀವು ಹೋಗ್ರಿ,” ಅಂದ ಚಂದ್ರಣ್ಣ.

ಕರೆಂಟು ಬಂದಿತು. ಪಡಸಾಲೆಯ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಬೀದಿಯ ಜನ ಬಾಗಿಲಿಗೆ ಬಂದು ನಿಂತರು. ಒಲೆಯ ವೈರನ್ನು ಸಿಕ್ಕಿಸಲು ನಡುಮನೆಯಲ್ಲಿ ಇಸ್ತ್ರಿಪೆಟ್ಟಿಗೆಯದು ಬಿಟ್ಟು ಬೇರೆ ಜಾಗ ಇರಲಿಲ್ಲ. ಚಂದ್ರಣ್ಣ ನೂಲಿನ ಕೋಣೆಯ ನಲವತ್ತರ ಬಲ್ಬನ್ನು ತೆಗೆದು, ಮಾಡಿನಿಂದ ತೂಗುತ್ತಿದ್ದ ಆ ಸಣ್ಣ ತಂತಿಗೇ ಒಲೆಯ ವೈರನ್ನು ಕೊಟ್ಟು, ಬಾಗಿಲ ಸಂದಿಯಿಂದ ನಡುಮನೆಗೆ ಎಳೆದ. ಸುರುಳಿ ಇನ್ನೂ ಕೆಂಪಾಗುತ್ತಿತ್ತು, ಅದೇ ಹೊತ್ತಿಗೆ ತನ್ನ ಅಂಗಿಗೆಂದು ಇಸ್ತ್ರಿಪೆಟ್ಟಿಗೆಯನ್ನೂ ಹಚ್ಚಿದ. ಫಟ್ಟೆಂದು ಮನೆಯೆಲ್ಲ ಕತ್ತಲು. ಬೀದಿಯಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಕಂದೀಲಿನ ಬೆಳಕಿನಲ್ಲಿ ಅವನು ಫ್ಯೂಸನ್ನು ಕಿತ್ತು, ಅದಕ್ಕೆ ಹಾಕುವ ಸಣ್ಣ ತಂತಿಗಾಗಿ ಹುಡುಕಾಡಿದ. ಅದನ್ನು ದೊಡ್ಡಪ್ಪ ಎಲ್ಲಿಡುತ್ತಿದ್ದನೋ ಯಾರಿಗೂ ಗೊತ್ತಿರಲಿಲ್ಲ. ಆಗ ಬಲ್ಬು ಕಟ್ಟಿ ಉಳಿದಿದ್ದ ತಾಮ್ರದ ತಂತಿಯನ್ನು ಎರಡೆಳೆ ಮಡಿಸಿ ಹೊಸೆದು ಫ್ಯೂಸಿಗೆ ಸುತ್ತಿದ. ನನಗೆ ಬಾಯಿ ಬಿಡದೆ ಇರಲಾಗಲಿಲ್ಲ.

“ಅಂಗೆ ಮಾಡ್ಬ್ಯಾಡ ಕಣಣ್ಣ. ದಪ್ಪಂದು ಆಕಬಾರ್ದಂತೆ. ಗ್ವಾಡೆ ತಂತಿ ಬಿಸಿ ಆಯ್ತದೆ.”

“ಅಂಗೆ ಮಾಡ್ಬ್ಯಾಡ ಕಣಣ್ಣ!” ಎಂದು ಅವನು ನನ್ನ ಹಾಗೆಯೇ ಅಂದು ತೋರಿಸಿದ. ಕಂದೀಲು ಹಿಡಿದು ನಿಂತಿದ್ದ ಕೆಲಸದಾಕೆ ನಕ್ಕಳು. “ಕಾಫಿ ಕಾಯೋವಷ್ಟ ಹೊತ್ತಿಗೆ ಏನಾಗಂಗಿಲ್ಲ, ಸುಮ್ಮನ ಹೋಗು.”

ಮತ್ತೆ ಬೆಳಕಾಯಿತು, ಮೊದಲಿಗಿಂತ ಜೋರಾಗಿ ಎಂಬಂತೆ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗಾಡಿಯ ಸದ್ದು. ನೆಂಟರು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತರು. ಹುಡುಗನ ತಂದೆ ತಲೆಯೆತ್ತಿ ಬಲ್ಬುಗಳನ್ನು ನೋಡಿದ್ದನ್ನು ಕಂಡು ಚಂದ್ರಣ್ಣನ ಮುಖ ಅರಳಿತು. ದೊಡ್ಡಪ್ಪ ಪುರೋಹಿತರ ಪಕ್ಕದಲ್ಲಿ ಕೂತುಬಿಟ್ಟಿದ್ದ. ಅವನ ಕಿವಿಗೆ ಹಾಕೋಣವೆಂದು ನಾನು ಪಡಸಾಲೆಯ ಹೊಸ್ತಿಲು ದಾಟಹೊರಟೆ. ದೊಡ್ಡಮ್ಮ ರೆಟ್ಟೆ ಹಿಡಿದು ಹಿಂದಕ್ಕೆಳೆದಳು.

“ನೀ ಇಲ್ಲಿ ಬರಬಾರದು. ನಿಮ್ಮವ್ವ ಹೋಗಿ ವರ್ಷ ತುಂಬಿಲ್ಲ. ಶುಭಕಾರ್ಯದ ಮುಂದ ಸುಳೀಬ್ಯಾಡ. ಆ ಕ್ವಾಣ್ಯಾಗ ಕುಂದ್ರು, ಎಲ್ಲಾ ಮುಗದ ಮ್ಯಾಲೆ ಕರೀತೀನಿ.”

ಬಲ್ಬಿಲ್ಲದ ಕೋಣೆಯಲ್ಲಿ ಚಾಪೆಯ ಮೇಲೆ ಕೂತೆ. ಬಾಗಿಲ ಸಂದಿಯಿಂದ ಬರುತ್ತಿದ್ದ ಬೆಳಕಿನಲ್ಲಿ ಒಲೆಯ ವೈರು ಮೇಲಕ್ಕೆ ಹೋದದ್ದು ಕಾಣುತ್ತಿತ್ತು. ಆಚೆಗೆ ಪುರೋಹಿತರು ಎರಡೂ ಮನೆಯ ಹಿರಿಯರ ಹೆಸರು ಹೇಳುತ್ತಿದ್ದರು, ಬಳೆಗಳ ಸದ್ದು, ಮಲ್ಲಿಗೆಯ ಕಂಪು. ಸರಸ್ವತಕ್ಕ ಹೊಸ ಸೀರೆಯಲ್ಲಿ ಹೇಗೆ ಕಾಣುತ್ತಾಳೋ ನಾನು ನೋಡಿರಲಿಲ್ಲ. ಅವ್ವ ಸತ್ತದ್ದು ನಾನು ಮಾಡಿದ ತಪ್ಪೇನೋ ಎಂಬಂತೆ ಕೂತಿದ್ದೆ. ಆಗ ಮಲ್ಲಿಗೆಯ ನಡುವೆ ಇನ್ನೊಂದು ವಾಸನೆ ಬಂತು, ರಬ್ಬರು ಸುಡುವ ವಾಸನೆ. ತಲೆಯೆತ್ತಿದೆ. ತೊಲೆಯ ಹತ್ತಿರ, ಸಣ್ಣ ತಂತಿ ಗೋಡೆಯ ತಂತಿಗೆ ಕೂಡುವ ಕಡೆ, ಮರದ ಪಟ್ಟಿಯ ಸಂದಿನಿಂದ ಹೊಗೆ ಎಳೆಯಾಗಿ ಇಳಿಯುತ್ತಿತ್ತು. ಅದರ ಕೆಳಗೆ ಮೊಳದಷ್ಟೂ ಅಂತರವಿಲ್ಲದೆ ನೂಲಿನ ಮೂಟೆ. ನಾನು ನೋಡುತ್ತಿದ್ದಂತೆ ಕರಗಿದ ರಬ್ಬರಿನ ಒಂದು ಹನಿ ಗೋಣಿಯ ಮೇಲೆ ಬಿದ್ದು, ಬಿದ್ದಲ್ಲಿ ಒಂದು ಕೆಂಪು ಚುಕ್ಕೆ ಹರಡತೊಡಗಿತು.

ಕೂಗಬಹುದಾಗಿತ್ತು. ಕೂಗಲು ಬಾಯಿ ಬರಲಿಲ್ಲ. ಎದ್ದು ನಡುಮನೆಗೆ ಓಡಿದೆ. ಒಲೆಯ ಮೇಲೆ ಹಾಲು ಉಕ್ಕುವ ಹಂತದಲ್ಲಿತ್ತು, ಚಂದ್ರಣ್ಣ ಬೆನ್ನು ಮಾಡಿ ಲೋಟಗಳನ್ನು ಜೋಡಿಸುತ್ತಿದ್ದ. ಗೋಡೆಯ ಪಕ್ಕದಲ್ಲಿದ್ದ ಅಕ್ಕಿ ಡಬ್ಬಿಯ ಮೇಲೆ ಹತ್ತಿ ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಿಂದ ಕೆಳಕ್ಕೆಳೆದೆ. ಮನೆ ಕತ್ತಲಾಯಿತು. ಪಡಸಾಲೆಯಲ್ಲಿ ಎಲ್ಲ ಸದ್ದೂ ನಿಂತಿತು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ತಾಂಬೂಲದ ತಟ್ಟೆಯನ್ನು ಕೊಡಲು ಕೈ ಚಾಚಿದ್ದ ಹೊತ್ತಂತೆ ಅದು. ನಾನು ಬಿಂದಿಗೆಯ ನೀರನ್ನು ಎತ್ತಿಕೊಂಡು ಹೋಗಿ ಮೂಟೆಯ ಮೇಲೆ ಸುರಿದೆ.

ದೊಡ್ಡಪ್ಪ ಕಂದೀಲು ಹಿಡಿದು ನಡುಮನೆಗೆ ಬಂದ. ಫ್ಯೂಸನ್ನು ಕಿತ್ತು ನೋಡಿದ. ನೂಲಿನ ಕೋಣೆಗೆ ಬಂದು ಕಂದೀಲನ್ನು ಮೇಲೆತ್ತಿದ. ಕಪ್ಪಾದ ಮರದ ಪಟ್ಟಿಯನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದ. ಒದ್ದೆಯಾದ ಮೂಟೆಯನ್ನೂ, ಕೈಯಲ್ಲಿ ಬಿಂದಿಗೆ ಹಿಡಿದ ನನ್ನನ್ನೂ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತೆಂದು ಆ ಬೆಳಕಿನಲ್ಲಿ ನನಗೆ ಕಂಡಿತು. ನನ್ನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಪಡಸಾಲೆಗೆ ಹೋಗಿ, ಎಂಜಿನ್ ಮನೆಯಲ್ಲೇ ಕರೆಂಟು ನಿಂತಿದೆಯೆಂದು ತೋರುತ್ತದೆ, ದೀಪದ ಬೆಳಕಿನಲ್ಲೇ ಶಾಸ್ತ್ರ ಮುಗಿಸೋಣ ಎಂದು ನಗುತ್ತಾ ಹೇಳಿದ. ಹುಡುಗನ ತಾಯಿ ಕಿಟಕಿಯ ಕಡೆ ಮುಖ ಮಾಡಿದಳು.

“ಎದುರು ಮನ್ಯಾಗ ಬಲ್ಬು ಉರಿಯಾಕತ್ತೈತಲ್ರಿ?”

ಆಕೆಯೇ ಮತ್ತೆ ಅಂದಳು:

“ಕೈಯಾಗ ತಾಂಬೂಲ ಇಟ್ಕೊಂಡಾಗ ನಿಮ್ಮನಿದೊಂದ ಬೆಳಕು ಹೋತು ಅಂದ್ರ, ನಾವು ಏನು ತಿಳ್ಕೊಬೇಕು?”

ಚಂದ್ರಣ್ಣನಿಗೆ ತಡೆಯಲಾಗಲಿಲ್ಲ. ಅವನು ಕೋಣೆಯೊಳಗೆ ಇನ್ನೂ ಇಣುಕಿರಲಿಲ್ಲ. ಒಲೆಯ ಸುರುಳಿಯ ಕೆಂಪು ಬೆಳಕಿನಲ್ಲಿ ನಾನು ಡಬ್ಬಿಯಿಂದ ಇಳಿದದ್ದನ್ನಷ್ಟೇ ಕಂಡಿದ್ದ. “ಶಕುನ ಗಿಕುನ ಏನಲ್ರಿ. ನಮ್ಮ ಹಳ್ಳಿ ಹುಡುಗಿ ಅದ ಒಂದು, ಆಟಕ್ಕ ಸ್ವಿಚ್ಚು ಎಳದೈತಿ.”

ನಾನು ಬಾಗಿಲ ಹಿಂದೆ ನಿಂತು ದೊಡ್ಡಪ್ಪನ ಮುಖ ನೋಡಿದೆ. ಈಗ ಹೇಳುತ್ತಾನೆ ಎಂದುಕೊಂಡೆ. ಮನೆಗೆ ಬೆಂಕಿ ಹತ್ತುತ್ತಿತ್ತು, ಮಗು ತಪ್ಪಿಸಿತು ಎಂಬ ಒಂದು ಮಾತು. ಆದರೆ ವೀಳ್ಯದ ದಿನ ಮನೆಯಲ್ಲಿ ಬೆಂಕಿ ಕಾಣಿಸಿತೆಂದು ಆ ತಾಯಿಯ ಮುಂದೆ ಹೇಳಿದರೆ ಸಂಬಂಧ ಉಳಿಯುತ್ತಿತ್ತೇ? ಅವನ ಪಕ್ಕದಲ್ಲಿ ಸರಸ್ವತಕ್ಕ ತಲೆ ತಗ್ಗಿಸಿ ಕೂತಿದ್ದಳು. ದೊಡ್ಡಪ್ಪ ಮಗಳನ್ನು ನೋಡಿದ.

“ಸಣ್ಣ ಹುಡುಗಿ ಅದ್ರಿ,” ಅಂದ ಕೊನೆಗೆ. “ತಿಳಿಯಂಗಿಲ್ಲ.”

ಹುಡುಗನ ತಂದೆ ನಕ್ಕರು, ಮಕ್ಕಳ ಆಟಕ್ಕೆ ಏನು ಮಾಡುವುದು ಎಂದರು. ಎಣ್ಣೆ ದೀಪಗಳ ಬೆಳಕಿನಲ್ಲಿ ತಾಂಬೂಲ ಕೈ ಬದಲಾಯಿತು. ಕಾಫಿಯನ್ನು ಸೌದೆ ಒಲೆಯ ಮೇಲೆ ಮಾಡಿದರು. ನೆಂಟರು ಛತ್ರಕ್ಕೆ ಹೊರಟ ಮೇಲೆ ದೊಡ್ಡಮ್ಮ ನನ್ನ ಮುಂದೆ ಬಂದು ನಿಂತಳು. ಆ ಮನೆಯಲ್ಲಿ ಅವಳು ನಮ್ಮೂರ ಮಾತಾಡಿದ್ದು ಅದೊಂದೇ ಸಲ.

“ಓಗೇ, ನನ್ ಕಣ್ಮುಂದೆ ನಿಲ್ಬ್ಯಾಡ! ನಿಮ್ಮವ್ವನ್ನ ತಿಂದ್ಕೊಂಡಿದ್ದು ಸಾಲ್ದಾ, ನನ್ ಮಗಳ ಬಾಳ್ಗೂ ಅಡ್ಡ ಬಂದ್ಯಾ?”

ಅವಳನ್ನು ನಾನು ಆಗಲೂ ದ್ವೇಷಿಸಲಿಲ್ಲ. ಸಿಟ್ಟಿನ ಆ ದನಿ ಥೇಟು ಅವ್ವನದೇ ಆಗಿತ್ತು. ಅದನ್ನು ಕೇಳಿಯೇ ನನಗೆ ಅಳು ಬಂದದ್ದು. ಸುಟ್ಟ ಪಟ್ಟಿಯನ್ನು ದೊಡ್ಡಪ್ಪ ಅವಳಿಗೆ ತೋರಿಸಿದ, ನಡೆದದ್ದನ್ನು ಹೇಳಿದ. ಅವಳು ನೋಡಿದಳು. ಆದರೆ ಮದುವೆ ಆಗುವವರೆಗೆ ಈ ಹುಡುಗಿ ಇಲ್ಲಿರುವುದು ಬೇಡ, ಬೀಗಿತ್ತಿ ಮತ್ತೆ ಬಂದಾಗ ಇವಳು ಕಣ್ಣಿಗೆ ಬಿದ್ದರೆ ಅದೇ ಮಾತು ಏಳುತ್ತದೆ ಎಂದಳು. ಚಂದ್ರಣ್ಣ ಎರಡು ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿ ಬಳ್ಳಾರಿಗೆ ಹೋದ. ಸರಸ್ವತಕ್ಕ ಮಾತ್ರ ನಾನು ಹೊರಡುವ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಿಗಿಯಾಗಿ ಜಡೆ ಹಾಕಿದಳು.

ದೊಡ್ಡಪ್ಪನೇ ಕರೆದುಕೊಂಡು ಹೊರಟ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿದೆವು. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು, ಏರು ಬಂದಲ್ಲಿ ಎಲ್ಲರೂ ಇಳಿಯಬೇಕಿತ್ತು. ಇಳಿದಾಗ ಒಮ್ಮೆ ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡ, ಹತ್ತಿದ ಮೇಲೆ ಬಿಟ್ಟ. ಮಡಕಶಿರಾದಿಂದ ನಮ್ಮೂರಿಗೆ ಗಾಡಿಯಲ್ಲಿ ಹೋದೆವು. ಅಪ್ಪ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ. ಚಿಕ್ಕವ್ವ, ಅಂದರೆ ಅವನ ಹೊಸ ಹೆಂಡತಿ, ನೀರು ತಂದು ಕೊಟ್ಟು ಕಂಬದ ಹಿಂದೆ ಸರಿದಳು. ಅವಳಿಗೂ ಹೆಚ್ಚು ವಯಸ್ಸಾಗಿರಲಿಲ್ಲ. ದೊಡ್ಡಪ್ಪ ಕೂತು, ಬಳ್ಳಾರಿಯವರ ಮುಂದೆ ಹೇಳದ ಎಲ್ಲವನ್ನೂ ಅಪ್ಪನ ಮುಂದೆ ಹೇಳಿದ. ಒಲೆ, ತಾಮ್ರದ ತಂತಿ, ಹೊಗೆ, ಮೂಟೆ, ಏನನ್ನೂ ಬಿಡಲಿಲ್ಲ.

“ನಿಮ್ಮ ಮಗಳಿಂದ ನಮ್ಮ ಮನಿ ಉಳೀತ್ರಿ. ಇಲ್ಲಾಂದ್ರ ಅವತ್ತು ನಾವು ಯಾರೂ ಉಳೀತಿರಲಿಲ್ಲ.”

ಅಪ್ಪ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದ.

“ಅಂಗಾದ್ರೆ ಯಾಕಣ್ಣ ಇವಳ್ನ ವಾಪಸ್ ಕರ್ಕೊಂಡ್ ಬಂದ್ರಿ?”

ಅವನು ಕುಟುಕಿ ಕೇಳಿದ್ದಲ್ಲ, ತಿಳಿಯದೆಯೇ ಕೇಳಿದ್ದು. ದೊಡ್ಡಪ್ಪ ಚೊಂಬನ್ನು ನೆಲಕ್ಕಿಟ್ಟ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಬಸ್ಸು ಇದ್ದದ್ದು ಮರುದಿನ ಬೆಳಿಗ್ಗೆ, ಅದು ಎಲ್ಲರಿಗೂ ಗೊತ್ತಿತ್ತು. ಊಟಕ್ಕೆ ನಿಲ್ಲಿ ಎಂದು ಅಪ್ಪ ಅಂದದ್ದು ಕೇಳಿಸದವನಂತೆ ಹೊರಗೆ ನಡೆದ. ನಾನು ಅವನ ಹಿಂದೆ ಕೆರೆ ಏರಿಯವರೆಗೂ ಹೋದೆ. ಏರಿಯ ಮೇಲೆ ಅವನು ನಿಂತು, ಹಿಂತಿರುಗದೆ ಹೇಳಿದ:

“ಮನಿಗೆ ಹೋಗವ್ವ.”

ಸರಸ್ವತಕ್ಕನ ಮದುವೆ ಚೆನ್ನಾಗಿ ಆಯಿತೆಂದು ಆಮೇಲೆ ಸುದ್ದಿ ಬಂತು. ದೊಡ್ಡಪ್ಪ ಮನೆಯ ತಂತಿಯನ್ನೆಲ್ಲ ತೆಗೆಸಿ ಹೊಸದು ಹಾಕಿಸಿದನಂತೆ. ನನ್ನನ್ನು ಮತ್ತೆ ಕರೆಯಲಿಲ್ಲ. ಸರಿ ಎಂದು ಕಂಡದ್ದನ್ನು ಮಾಡಿ, ಯಾಕೆ ಮಾಡಿದೆನೆಂದು ಯಾರಿಗೂ ಹೇಳದೆ ಇದ್ದುಬಿಡುವ ಸ್ವಭಾವ ನನಗೆ ಅಂಟಿದ್ದು ಆ ವರ್ಷದಿಂದ. ಅದರಿಂದ ಕಳೆದುಕೊಂಡದ್ದೇ ಹೆಚ್ಚು. ಗಂಡನ ಮನೆಯಲ್ಲೂ, ಆಮೇಲೆ ಮಕ್ಕಳೊಡನೆಯೂ.

ಅಂದು ಕೆರೆ ಏರಿಯ ಮೇಲೆ ಅವನು ಕಾಣುವಷ್ಟು ಹೊತ್ತೂ ನಿಂತಿದ್ದೆ. ಗಾಡಿ ದಾರಿಯ ದೂಳಿನಲ್ಲಿ ಅವನು ಮರೆಯಾದ ಮೇಲೆ ಮನೆಗೆ ಬಂದೆ. ಅಪ್ಪ ಮತ್ತೆ ಕಡಲೆಕಾಯಿ ಬಿಡಿಸುತ್ತಿದ್ದ. ಚಿಕ್ಕವ್ವ ಹಿತ್ತಲಿನಲ್ಲಿ ದೊಡ್ಡ ಹಂಡೆಗೆ ನೀರು ಹೊಯ್ದು, ಕೆಳಗೆ ಕಡಲೆಗಿಡದ ಕಡ್ಡಿ ಒಟ್ಟಿ ಉರಿ ಹಾಕುತ್ತಿದ್ದಳು. ನಾನು ಗೋಡೆಗೊರಗಿ ನೋಡುತ್ತಾ ನಿಂತೆ. ಆ ಬಿಸಿನೀರು ನನ್ನ ಸ್ನಾನಕ್ಕೆ ಎಂದು ತಿಳಿಯಲು ನನಗೆ ಬಹಳ ಹೊತ್ತು ಹಿಡಿಯಿತು.